ಮದುವೆಗೆ ಕೊಟ್ಟ ಹಲ್ಲು

ಆಲ್ಮಾ ಹಾವರ್ತಳ ಬಾಯಲ್ಲಿ ಹುಳುಕು ಹಲ್ಲು ಒಂದೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಇಲ್ಲದಿದ್ದರೆ ಮುಂದಿನದನ್ನು ಕೇಳಿದವರು, ಪಾಪ, ನೋವು ತಡೆಯಲಾರದೆ ಹಾಗೆ ಮಾಡಿಸಿಕೊಂಡಿರಬೇಕು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಳ್ಳುತ್ತಾರೆ. ನೋವೂ ಇರಲಿಲ್ಲ, ಗೀವೂ ಇರಲಿಲ್ಲ. ಲ್ಯಾಂಕಶೈರಿನ ನಮ್ಮ ಥಾರ್ನ್‌ಕ್ಲಫ್ ಊರಿನಲ್ಲಿ ಇಪ್ಪತ್ತು ದಾಟಿದ ಹುಡುಗಿಯರಲ್ಲಿ ಅರ್ಧ ಜನ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಆಲ್ಮಾ ಮಾತ್ರ ಬಾಯ್ತುಂಬ ನಗುತ್ತಿದ್ದಳು.

ಹಲ್ಲು ಕೆಡುವುದಕ್ಕೆ ನಮ್ಮಲ್ಲಿ ಕಾರಣ ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ಗಿರಣಿಯಲ್ಲಿ ಲಾಳಿಯ ನೂಲು ಮುಗಿದಾಗಲೆಲ್ಲ ಹೊಸ ನೂಲನ್ನು ಅದರ ಸಣ್ಣ ಕಣ್ಣಿನಿಂದ ಬಾಯಿ ಹಚ್ಚಿ ಎಳೆಯಬೇಕು. ಎಳೆದಾಗ ಎಣ್ಣೆ, ಗಂಜಿ, ಹತ್ತಿಯ ಧೂಳು ಎಲ್ಲ ಬಾಯಿಗೆ. ಅದರ ಮೇಲೆ ಬೆಳಗಿನಿಂದ ಸಂಜೆಯವರೆಗೆ ಸಕ್ಕರೆ ಸುರಿದ ಚಹಾ. ಆಲ್ಮಾ ಹದಿಮೂರಕ್ಕೇ ಗಿರಣಿಯ ಮಗ್ಗದ ಶೆಡ್ಡಿಗೆ ಬಂದವಳು, ಎಲ್ಲರಂತೆ ಎಳೆದಳು, ಎಲ್ಲರಂತೆ ಕುಡಿದಳು. ಆದರೂ ಅವಳ ಹಲ್ಲು ಹಾಗೇ ಉಳಿದವು. ಯಾಕೆ ಎಂದು ಯಾರಿಗೂ ಗೊತ್ತಿರಲಿಲ್ಲ, ಅದಕ್ಕೇ ಕೆಲವರಿಗೆ ಅದು ಸೊಕ್ಕಿನ ಹಾಗೆ ಕಾಣುತ್ತಿತ್ತು.

ಶೆಡ್ಡಿನೊಳಗೆ ಕಿವಿಗೆ ಕೆಲಸವಿಲ್ಲ. ನೂರಾರು ಮಗ್ಗಗಳು ಒಟ್ಟಿಗೆ ಬಡಿದುಕೊಳ್ಳುವಾಗ ಪಕ್ಕದವಳು ಕೂಗಿದರೂ ಕೇಳದು. ಅದಕ್ಕೇ ನಮ್ಮ ನೇಯುವವರು ತುಟಿಮಾತು ಆಡುತ್ತಿದ್ದರು. ದನಿ ಇಲ್ಲ, ತುಟಿ, ಹಲ್ಲು, ನಾಲಿಗೆ, ಹುಬ್ಬು ಇಷ್ಟರಲ್ಲೇ ಎಲ್ಲ ಮಾತು. ಒಬ್ಬರ ಬಾಯಿ ಇನ್ನೊಬ್ಬರು ಓದಬೇಕು. ಈ ವಿದ್ಯೆಯಲ್ಲಿ ಆಲ್ಮಾಳನ್ನು ಮೀರಿಸಿದವರಿರಲಿಲ್ಲ. ಅವಳು ಈ ತುದಿಯಲ್ಲಿ ನಿಂತು ಆಡಿದ್ದನ್ನು ಆ ತುದಿಯವರು ಓದಿ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ಅಷ್ಟೇ ದೂರದಿಂದ ಬೇರೆಯವರ ಬಾಯನ್ನೂ ಓದುತ್ತಿದ್ದಳು.

"ಏನೇ ಆಲ್ಮಾ, ಸುದ್ದಿ?" ಪಕ್ಕದ ಮಗ್ಗಗಳ ಡೋರಾ ಬೆಳಿಗ್ಗೆ ಬಂದವಳೇ ತುಟಿಯಲ್ಲಿ ಕೇಳುವಳು.

"ಮುದುಕ ಸ್ಯಾಮ್ ನಿನ್ನೆ ಮತ್ತೆ ಪಕ್ಕದ ಮನೆಗೆ ನುಗ್ಗಿದ್ನಂತೆ."

ಸ್ಯಾಮ್ ಮಗ್ಗ ರಿಪೇರಿಯವನು. ನಮ್ಮಲ್ಲಿ ರಿಪೇರಿಯವರಿಗೆ ಬುದ್ಧಿ ಕಡಿಮೆ ಎಂದು ಹಾಸ್ಯ ಮಾಡುವುದು ಹಳೆಯ ಚಟ.

"ತಪ್ಪಿ ನುಗ್ಗಿದ್ನೋ, ಬೇಕಂತ ನುಗ್ಗಿದ್ನೋ?"

"ಪಕ್ಕದ ಮನೆಯವಳ ಮುಖ ನೋಡಿದ್ದೀಯಲ್ಲ. ತಪ್ಪೇ ಇರ್ಬೇಕು."

ಮೂರು ಸಾಲು ಆಚೆ ಯಾರೋ ಬಗ್ಗಿ ನಗುವರು. ಹೆಂಗಸರು ಅವಳ ಬಾಯಿ ನೋಡುತ್ತಿದ್ದರು, ಗಂಡಸರು ಇನ್ನೂ ಸ್ವಲ್ಪ ಹೆಚ್ಚು ಹೊತ್ತು ನೋಡುತ್ತಿದ್ದರು. ಆಲ್ಮಾಳಿಗೆ ಅದು ಗೊತ್ತಿತ್ತು, ಖುಷಿಯೂ ಇತ್ತು. ಮನೆಯಲ್ಲಿ ಅಪ್ಪನ ಮುಂದೆ ಬಾಯಿ ಬಿಡುವಂತಿರಲಿಲ್ಲ, ಚರ್ಚಿನಲ್ಲಿ ಬಿಟ್ಟರೆ ಹಾಡಿಗೆ ಮಾತ್ರ. ಅವಳು ಅವಳಾಗಿ ಇರುತ್ತಿದ್ದದ್ದು ಆ ಗದ್ದಲದ ನಡುವೆ, ಆ ತುಟಿಮಾತಿನಲ್ಲಿ.

ಸಿರಿಲ್ ಕ್ರಾಶಾ ಅವಳನ್ನು ಮೆಚ್ಚಿದ್ದೂ ಅಲ್ಲೇ. ಅವನೂ ರಿಪೇರಿಯವನು, ಸ್ಯಾಮನ ಕೈಕೆಳಗೆ ಕಲಿತವನು, ಎತ್ತರದ ಆಳು, ನೋಡಲು ಚಂದ. ನವೆಂಬರಿನ ಬೆಂಕಿಹಬ್ಬದ ಸಂಜೆ ಬೀದಿಯ ಉರಿಯ ಸುತ್ತ ಎಲ್ಲರೂ ಕಾಕಂಬಿಯ ಟಾಫಿ ಹಂಚಿಕೊಳ್ಳುತ್ತಿದ್ದಾಗ, ಸುತ್ತಿಗೆಗೂ ಬಗ್ಗದ ಒಂದು ತುಂಡನ್ನು ಆಲ್ಮಾ ಕಟಕ್ಕನೆ ಕಚ್ಚಿ ಮುರಿದು ಅರ್ಧ ಅವನ ಕೈಗಿಟ್ಟಳು. "ನಿನ್ನ ಸ್ಪಾನರ್ ಮನೇಲಿ ಬಿಟ್ಟು ಬಂದ್ಯಾ?" ಎಂದಳು. ಸುತ್ತ ನಿಂತವರು ನಕ್ಕರು, ಸಿರಿಲನೂ ನಕ್ಕ. ಮುಂದಿನ ಬೇಸಿಗೆಯ ಹೊತ್ತಿಗೆ ಅವಳ ಬೆರಳಿಗೆ ಅವನ ಉಂಗುರ ಬಂತು. ಮದುವೆ ಅದರ ಮರುವರ್ಷ, ಗಿರಣಿ ಮುಚ್ಚುವ ರಜೆಯ ವಾರದಲ್ಲಿ ಎಂದು ಮಾತಾಯಿತು.

ಆ ಡಿಸೆಂಬರಿನ ಒಂದು ಭಾನುವಾರ ಸಿರಿಲನ ತಾಯಿ ಹ್ಯಾನಾ ಕ್ರಾಶಾ ಬೀಗರನ್ನು ಚಹಾಕ್ಕೆ ಕರೆದಳು. ಹಂದಿಮಾಂಸದ ತೆಳು ತುಣುಕು, ಬ್ರೆಡ್ಡು, ಬೆಣ್ಣೆ, ಗಾಜಿನ ಜಾಡಿಯಲ್ಲಿ ನಿಲ್ಲಿಸಿದ ಸೆಲರಿ ದಂಟು. ಹ್ಯಾನಾ ವಿಧವೆ, ಒಬ್ಬನೇ ಮಗ. ಅವಳ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ಕಟ್ಟಿಸಿದ ಹಲ್ಲುಸೆಟ್ಟು ಬೀರುವಿನ ಮೇಲಿನ ಬಟ್ಟಲಲ್ಲಿತ್ತು, ಶವಸಂಸ್ಕಾರಕ್ಕೆ ಹೋಗುವಾಗ ಮಾತ್ರ ಹಾಕಿಕೊಳ್ಳುವಳು. ಬ್ರೆಡ್ಡನ್ನು ಚಹಾದಲ್ಲಿ ಅದ್ದಿ ಮೆದ್ದು, ಸೆಲರಿ ಕರಕರ ಕಡಿಯುತ್ತಿದ್ದ ಆಲ್ಮಾಳನ್ನೇ ನೋಡುತ್ತಿದ್ದಳು.

"ಮದ್ವೆಗೆ ಮುಂಚೆ ಇವಳ ಬಾಯಿ ಖಾಲಿ ಮಾಡಿಸ್ಬಿಡಿ," ಎಂದಳು. "ಆಮೇಲೆ ನನ್ನ ಮಗ ಜನ್ಮಪೂರ್ತಿ ಹಲ್ಲು ಕೀಳೋನ ಜೇಬು ತುಂಬಿಸ್ಕೊಂಡು ಕೂತಿರೋದು ಬೇಡ."

ಆಲ್ಮಾ ಕಡಿಯುವುದನ್ನು ನಿಲ್ಲಿಸಿದಳು. ಇದು ಹೊಸ ಮಾತೇನಲ್ಲ. ಮರ್ಯಾದಸ್ಥ ಮನೆಯವರು ಮಗಳ ಮದುವೆಗೆ ಕೊಡುತ್ತಿದ್ದ ಉಡುಗೊರೆಯೇ ಅದು: ಎಲ್ಲ ಹಲ್ಲು ಕೀಳಿಸಿ, ಹೊಸ ಸೆಟ್ಟು ಕಟ್ಟಿಸಿ, ಅಳಿಯನಿಗೆ ಮುಂದೆ ಖರ್ಚೇ ಬರದಂತೆ ಮಾಡಿ ಕಳಿಸುವುದು. ಆಲ್ಮಾಳ ದೊಡ್ಡಪ್ಪನ ಇಬ್ಬರು ಹೆಣ್ಣುಮಕ್ಕಳಿಗೂ ಹಾಗೆಯೇ ಆಗಿತ್ತು. ಆದರೆ ಅವರ ಹಲ್ಲು ಕೊಳೆತಿದ್ದವು. ತನ್ನವು ಗಟ್ಟಿ ಇರುವುದರಿಂದ ತನ್ನನ್ನು ಬಿಟ್ಟುಬಿಡುತ್ತಾರೆ ಎಂದು ಅವಳು ನಂಬಿದ್ದಳು.

"ನನ್ನ ಹಲ್ಲು ಚೆನ್ನಾಗೇ ಇವೆಯಲ್ಲ, ಅತ್ತೆ."

"ಈಗ ಚೆನ್ನಾಗಿವೆ. ಕೆಡೋಕೆ ಮುಂಚೆ ಕಿತ್ತರೆ ಕೆಡೋ ಮಾತೇ ಇಲ್ಲ."

ಇಂಥ ತರ್ಕಕ್ಕೆ ಏನು ಹೇಳುವುದು? ತಲೆ ನೋಯುವ ಮುಂಚೆ ತಲೆ ತೆಗೆಸಿಬಿಡಿ ಎಂದರೂ ಆ ಮೇಜಿನ ಸುತ್ತ ಕೂತವರು ಹೌದು ಹೌದು ಎಂದು ತಲೆಯಾಡಿಸುತ್ತಿದ್ದರೋ ಏನೋ. ಆಲ್ಮಾಳ ತಾಯಿ ಮಾರ್ತಾ ತಲೆಯಾಡಿಸಿದಳು. "ನಾವೂ ಅದನ್ನೇ ಅಂದ್ಕೊಂಡಿದ್ವಿ. ಇವಳಪ್ಪ ಅದಕ್ಕಂತಲೇ ಒಂದಿಷ್ಟು ಎತ್ತಿಟ್ಟಿದ್ದಾರೆ," ಎಂದಳು, ಬೀಗಿತ್ತಿಯ ಮುಂದೆ ತಮ್ಮ ಮಾನ ಉಳಿಯಿತು ಎಂಬ ಸಮಾಧಾನದಲ್ಲಿ. ಅಪ್ಪ ಪೈಪು ತುಂಬಿಕೊಂಡ. ಸಿರಿಲ್ ಇನ್ನೊಂದು ತುಣುಕು ಮಾಂಸ ಹಾಕಿಸಿಕೊಂಡ.

ವಾಪಸು ಬರುವಾಗ ಆಲ್ಮಾ ಅವನನ್ನು ಗಲ್ಲಿಯ ತಿರುವಿನಲ್ಲಿ ನಿಲ್ಲಿಸಿದಳು.

"ನಿಮ್ಮಮ್ಮನಿಗೆ ಹೇಳು ಸಿರಿಲ್. ನಂಗೆ ಬೇಡ. ನೀನು ಹೇಳಿದ್ರೆ ಕೇಳ್ತಾರೆ."

"ಹೇಳ್ತೀನಿ ಬಿಡು. ಅದಕ್ಯಾಕೆ ಅಳ್ತೀಯ?"

"ನಿಜ ಹೇಳ್ತೀಯಾ?"

"ಹೇಳ್ತೀನಿ ಅಂದ್ನಲ್ಲೇ ಮಾರಾಯ್ತಿ."

ಎರಡು ದಿನ ಬಿಟ್ಟು ಶೆಡ್ಡಿನಲ್ಲಿ ಅವಳ ಮಗ್ಗದ ಬಳಿ ಬಂದು, ಬೆಲ್ಟು ಸರಿಮಾಡುವವನ ಹಾಗೆ ಬಗ್ಗಿ, ತುಟಿಯಲ್ಲಿ ಹೇಳಿದ: "ಕೈಮುಗಿದು ಕೇಳ್ದೆ. ಬಾಯಿಗೆ ಬಂದ ಹಾಗೆ ಬೈದ್ಲು. ಹಲ್ಲು ಕೀಳಿಸ್ದೆ ಇರೋ ಸೊಸೆ ಈ ಹೊಸ್ಲು ದಾಟೋ ಹಾಗಿಲ್ಲ ಅಂತಾಳೆ. ನಾನೇನ್ ಮಾಡ್ಲಿ ಹೇಳು?"

ಅವನ ಕಣ್ಣಲ್ಲಿ ನೀರಾಡಿದ್ದನ್ನು ಆಲ್ಮಾ ನೋಡಿದಳು. ತನಗಾಗಿ ಇಷ್ಟು ಮಾಡಿದನಲ್ಲ ಎಂದು ಅವಳಿಗೇ ಕರುಳು ಚುರುಕ್ಕೆಂದಿತು. ಸರಿ, ಹೋಗಲಿ, ನಿನಗೋಸ್ಕರ, ಎಂದು ತುಟಿಯಲ್ಲೇ ಅಂದಳು. ಡೋರಾ ಪಕ್ಕದಿಂದ ಅದನ್ನು ಓದಿ ಕಣ್ಣು ಒರೆಸಿಕೊಂಡಳು.

ಹೊಸ ವರ್ಷ ಕಳೆದು ಒಂದು ಶನಿವಾರ ಮಧ್ಯಾಹ್ನ, ಗಿರಣಿ ಬಿಟ್ಟ ಮೇಲೆ, ಮಾರ್ತಾ ಮಗಳನ್ನು ಔಷಧಿ ಅಂಗಡಿಯ ಮೇಲಿನ ಹಲ್ಲು ಕೀಳುವ ಟ್ಯಾಟರ್ಸಾಲನ ಕೋಣೆಗೆ ಕರೆದುಕೊಂಡು ಹೋದಳು. ಮೆಟ್ಟಿಲಲ್ಲೇ ಲವಂಗದೆಣ್ಣೆಯ ವಾಸನೆ. ಟ್ಯಾಟರ್ಸಾಲ್ ತೋಳು ಮಡಚಿ, ಆಲ್ಮಾಳ ಬಾಯಿ ತೆರೆಸಿ, ಕನ್ನಡಿ ಕಡ್ಡಿ ಆಡಿಸಿ ನೋಡಿದ.

"ಇವನ್ನ ಕೀಳ್ಬೇಕಾ?" ಎಂದು ಮಾರ್ತಾಳನ್ನು ಕೇಳಿದ.

"ಮದ್ವೆಗೆ," ಎಂದಳು ಮಾರ್ತಾ.

"ಓ, ಮದ್ವೆಗಾ," ಎಂದವನೇ ಮಂಪರು ಬರಿಸುವ ಗ್ಯಾಸಿನ ರಬ್ಬರು ಮೂತಿ ಕೈಗೆತ್ತಿಕೊಂಡ. ಅವನಿಗೂ ಅಷ್ಟೇ ಸಾಕಾಗಿತ್ತು. ಗಟ್ಟಿ ಹಲ್ಲು ಗಟ್ಟಿಯಾಗಿಯೇ ಹಿಡಿದುಕೊಂಡಿರುತ್ತದೆ. ಕೊಳೆತದ್ದಾದರೆ ಬೇಗ ಬರುತ್ತಿತ್ತು. ಮೊಣಕಾಲನ್ನು ಕುರ್ಚಿಗೆ ಒತ್ತಿ ಹಿಡಿದು ಕಿತ್ತ. ನಡುವೆ ಗ್ಯಾಸಿನ ಅಮಲು ಇಳಿದು ಆಲ್ಮಾಳಿಗೆ ಎಚ್ಚರವಾಯಿತು, ತನ್ನದೇ ದವಡೆ ಲಟಕ್ಕೆನ್ನುವುದು ಕೇಳಿಸಿತು. ಮಾರ್ತಾ ಅವಳ ಎರಡೂ ಕೈ ಹಿಡಿದು, "ಆಯ್ತು ಕಂದಾ, ಆಯ್ತು, ಹಲ್ಲು ಕಚ್ಕೊಂಡಿರು," ಎಂದಳು. ಬಾಯಿಗೆ ಬಂದ ಮಾತು, ಯೋಚಿಸಿ ಆಡಿದ್ದಲ್ಲ.

ಶಾಲಿನಿಂದ ಬಾಯಿ ಮುಚ್ಚಿಕೊಂಡು ಬೀದಿಯಲ್ಲಿ ನಡೆದು ಬರುವಾಗ ಬಾಗಿಲ ಕಲ್ಲು ಉಜ್ಜುತ್ತಿದ್ದ ಹೆಂಗಸರು ತಲೆಯೆತ್ತಿ ನೋಡಿದರು. "ಆಯ್ತಾ? ಒಳ್ಳೇದಾಯ್ತು," ಎಂದರು. ಮಾರ್ತಾಳ ನಡಿಗೆಯಲ್ಲಿ ಒಂದು ಹೆಮ್ಮೆಯೇ ಇತ್ತು. ಮನೆಗೆ ಬಂದು ಕಾಗದದ ಪೊಟ್ಟಣ ಬಿಚ್ಚಿ, ಬೊಗಸೆಯಷ್ಟಿದ್ದ ಆ ಹಲ್ಲುಗಳಿಗೆ ಉಪ್ಪು ಹಾಕಿ ಒಲೆಯ ಬೆಂಕಿಗೆ ಸುರಿದಳು. ಹಾಗೆ ಸುಡದಿದ್ದರೆ ಸತ್ತ ಮೇಲೆ ಹಲ್ಲು ಹುಡುಕಿಕೊಂಡು ಅಲೆಯಬೇಕು ಎಂಬುದು ನಮ್ಮ ಹಿರಿಯರ ನಂಬಿಕೆ. ಆಲ್ಮಾ ಕುರ್ಚಿಯಲ್ಲಿ ಕೂತು, ರಕ್ತ ನುಂಗುತ್ತ, ಉಪ್ಪು ಚಟಪಟ ಸಿಡಿಯುವುದನ್ನು ನೋಡಿದಳು.

ಸಂಜೆ ಸಿರಿಲ್ ಬಂದ. ಕೈಯಲ್ಲಿ ಕಾಗದದ ಪೊಟ್ಟಣ. "ನಿಂಗೇ ತಂದೆ," ಎಂದು ತೊಡೆಯ ಮೇಲಿಟ್ಟ. ಬಿಚ್ಚಿದರೆ ಕಾಕಂಬಿಯ ಟಾಫಿ. ಅಪ್ಪ ಮೊದಲು ನಕ್ಕ, ಆಮೇಲೆ ಮಾರ್ತಾಳೂ ನಗು ತಡೆಯಲಾರದೆ ತನ್ನ ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡಳು. ತಮಾಷೆಗೆ ಕಣೇ ಎಂದ ಸಿರಿಲ್. ತಮಾಷೆಗೆ ನಗದಿದ್ದರೆ ನಮ್ಮಲ್ಲಿ ಮುನಿಸುಗಾತಿ ಎನ್ನುತ್ತಾರೆ. ಊದಿಕೊಂಡ ಬಾಯಲ್ಲೇ ಆಲ್ಮಾ ನಕ್ಕಳು, ಗಲ್ಲದ ಮೇಲೆ ಕೆಂಪು ಎಂಜಲು ಇಳಿಯಿತು.

ಒಂದು ವಾರದ ಮೇಲೆ ಶೆಡ್ಡಿಗೆ ಹೋದಳು. ಒಸಡು ಒಣಗಿ ಹೊಸ ಹಲ್ಲು ಕೂರಿಸಲು ತಿಂಗಳುಗಟ್ಟಲೆ ಕಾಯಬೇಕಾಗಿತ್ತು. ಅಲ್ಲಿಯವರೆಗೆ ಬರಿಯ ಬಾಯಿ, ಹಾಲಿನಲ್ಲಿ ನೆನೆಸಿದ ಬ್ರೆಡ್ಡಿನ ಊಟ. ಡೋರಾ ಎಂದಿನಂತೆ ತುಟಿಯಲ್ಲಿ ಕೇಳಿದಳು, "ಹೇಗಿದ್ದೀಯೇ?" ಆಲ್ಮಾ ಉತ್ತರ ಹೇಳಿದಳು. ಡೋರಾ ಕಣ್ಣು ಕಿರಿದು ಮಾಡಿದಳು. ಇನ್ನೊಮ್ಮೆ ಹೇಳು ಎಂದಳು. ಹೇಳಿದಳು. ಡೋರಾ ಸುಮ್ಮನೆ ತಲೆಯಾಡಿಸಿ ತನ್ನ ಮಗ್ಗಕ್ಕೆ ತಿರುಗಿಕೊಂಡಳು. ಅರ್ಥವಾಗಲಿಲ್ಲ ಎಂಬುದು ಆಲ್ಮಾಳಿಗೆ ಅರ್ಥವಾಯಿತು. ಹಲ್ಲಿನ ಆಸರೆ ಇಲ್ಲದೆ ತುಟಿ ಒಳಕ್ಕೆ ಮಡಚಿಕೊಳ್ಳುತ್ತಿತ್ತು. ಯಾವ ಮಾತಾಡಿದರೂ ಒಂದೇ ಥರ ಕಾಣುತ್ತಿತ್ತು. ಟ್ಯಾಟರ್ಸಾಲನ ಕೋಣೆಯಲ್ಲಿ ಹಲ್ಲಿನ ಜೊತೆ ಮಾತನ್ನೂ ಕಿತ್ತರು ಎಂದು ಅವಳಿಗೆ ಹೊಳೆದದ್ದು ಆಗ. ಮುದುಕ ಸ್ಯಾಮ್ ಅವಳು ಲಾಳಿಯ ನೂಲು ಎಳೆಯುವುದನ್ನು ನೋಡಿ, "ಈಗ ಮೊದಲಿಗಿಂತ ಚೆನ್ನಾಗಿ ಎಳೀತೀಯ," ಎಂದು ಮೆಚ್ಚಿದ. ಅದು ಮಾತ್ರ ನಿಜವಾಗಿತ್ತು.

ಅದೇ ದಿನ ಮಧ್ಯಾಹ್ನ ಅವಳು ತಲೆಯೆತ್ತಿದಾಗ ಶೆಡ್ಡಿನ ಆ ತುದಿಯಲ್ಲಿ ಸಿರಿಲ್ ತನ್ನ ಗೆಳೆಯ ಕ್ಲೆಮ್ ಜೊತೆ ನಿಂತಿದ್ದ. ಕೈ ಎಣ್ಣೆ ಬಟ್ಟೆಯಲ್ಲಿ ಒರೆಸಿಕೊಳ್ಳುತ್ತ, ಅವಳ ಕಡೆ ಗಲ್ಲದಿಂದಲೇ ಸನ್ನೆ ಮಾಡಿ ತುಟಿಮಾತಾಡಿದ. ಬಾಯಿ ಹೋದವಳಿಗೆ ಕಣ್ಣೂ ಹೋಗಿರುತ್ತದೆ ಎಂದುಕೊಂಡನೋ, ಅಷ್ಟು ದೂರದಿಂದ ಯಾರೂ ಓದಲಾರರು ಎಂದುಕೊಂಡನೋ.

"ಅಮ್ಮನ ಕಿವಿಗೆ ಹಾಕಿದ್ದು ನಾನೇ," ಎಂದ ಸಿರಿಲ್. "ಶೆಡ್ಡಿನ ಗಂಡಸ್ರೆಲ್ಲ ಅವಳ ಬಾಯಿ ನೋಡ್ಕೊಂಡು ನಿಂತಿರ್ತಿದ್ರು. ಇನ್ನು ಯಾರು ನೋಡ್ತಾರೆ?"

ಕ್ಲೆಮ್ ನಕ್ಕ. ಸಿರಿಲ್ ಸ್ಪಾನರ್ ಜೇಬಿಗಿಳಿಸಿದ.

ಆಲ್ಮಾ ಅಷ್ಟನ್ನೂ ಓದಿದಳು. ಗಲ್ಲಿಯ ತಿರುವು, ಕೈಮುಗಿದು ಕೇಳ್ದೆ ಎಂದದ್ದು, ಕಣ್ಣಲ್ಲಿ ಆಡಿದ ಆ ನೀರು, ಎಲ್ಲವೂ ಒಟ್ಟಿಗೆ ನೆನಪಾಗಿ ಮೈ ಉರಿಯಿತು. ಅವಳು ಮಗ್ಗಗಳ ನಡುವಿನ ದಾರಿಗೆ ಬಂದು ನಿಂತು, ಮೊದಲು ಹಾಸ್ಯದ ಸುದ್ದಿ ಹೇಳುವಾಗ ಮಾಡುತ್ತಿದ್ದಂತೆ ಎರಡು ಕೈ ಎತ್ತಿ ಬೀಸಿದಳು. ತಲೆಗಳೆಲ್ಲ ತಿರುಗಿದವು. ಅವನು ಹೇಳಿದ್ದನ್ನು ಅವನೇ ಆಡಿದ ಮಾತಿನಲ್ಲಿ, ಇಡೀ ಶೆಡ್ಡಿಗೆ ಹೇಳಿದಳು. ಅಮ್ಮನ ಕಿವಿಗೆ ಹಾಕಿದ್ದು ಇವನೇ. ಇವನೇ ನನ್ನ ಹಲ್ಲು ಕೀಳಿಸಿದ್ದು.

ಯಾರಿಗೂ ಒಂದಕ್ಷರ ತಿಳಿಯಲಿಲ್ಲ. ಅವರು ಕಂಡದ್ದು ಒಂದು ಬೋಳು ಬಾಯಿ ಮುಚ್ಚಿ ತೆರೆಯುವುದನ್ನು, ಮೂಗಿನ ತನಕ ಏರುವ ಗಲ್ಲವನ್ನು, ಅಗಲವಾದ ಕಣ್ಣನ್ನು. ಹಲ್ಲಿಲ್ಲದ ಮುದುಕ ಸ್ಯಾಮನ ಅಣಕ ಮಾಡುತ್ತಿದ್ದಾಳೆ ಎಂದು ಯಾರೋ ಅಂದುಕೊಂಡರು, ಉಳಿದವರೂ ಹಾಗೇ ಅಂದುಕೊಂಡರು. ಶೆಡ್ಡಿಗೆ ಶೆಡ್ಡೇ ನಕ್ಕಿತು. ಅವಳು ಮತ್ತೆ ಹೇಳಿದಳು, ಮತ್ತೆ ನಕ್ಕರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಸಿರಿಲ್.

ಸಂಜೆ ಮನೆಯಲ್ಲಿ ತಾಯಿಗೆ ದನಿಯಲ್ಲೇ ಹೇಳಿದಳು. ತೊದಲು ಮಾತು, ಎರಡೆರಡು ಸಲ ಹೇಳಬೇಕಾಯಿತು. ಮಾರ್ತಾ ಆಲೂಗಡ್ಡೆ ಸುಲಿಯುತ್ತಿದ್ದಳು. ಚಾಕು ನಿಂತಿತು, ಮತ್ತೆ ಓಡಿತು.

"ಉಂಗುರ ವಾಪಸ್ ಕೊಡ್ತೀನಿ," ಎಂದಳು ಆಲ್ಮಾ.

"ಕೊಟ್ಟು?"

ಆಲ್ಮಾ ಉಂಗುರವನ್ನು ಬೆರಳಲ್ಲೇ ತಿರುಗಿಸಿದಳು.

"ಈ ಬಾಯಿ ಇಟ್ಕೊಂಡು ಇನ್ಯಾರ ಮನೆಗೆ ಹೋಗ್ತೀಯ ಹೇಳು. ಹಲ್ಲಿಲ್ದವ್ಳು, ಅದ್ರ ಮೇಲೆ ಮದ್ವೆ ಮುರ್ಕೊಂಡವ್ಳು. ನಿಮ್ಮಪ್ಪ ಕೊಟ್ಟ ದುಡ್ಡು ಟ್ಯಾಟರ್ಸಾಲ್ ವಾಪಸ್ ಕೊಡ್ತಾನಾ, ಇಲ್ಲ ನಿನ್ನ ಹಲ್ಲು ವಾಪಸ್ ಕೊಡ್ತಾನಾ?" ಮಾರ್ತಾ ತಗ್ಗಿದ ದನಿಯಲ್ಲಿ ಮುಂದುವರಿಸಿದಳು. "ನೋಡು, ಪ್ರತಿ ಹೆರಿಗೆಗೂ ನನ್ನ ಒಂದೊಂದು ಹಲ್ಲು ಹೋಯ್ತು. ಬಾವು ಬಂದು ಗೋಡೆಗೆ ತಲೆ ಚಚ್ಕೋತಿದ್ದೆ, ನೀನು ತೊಟ್ಟಿಲಲ್ಲಿ ಅಳ್ತಿದ್ದೆ. ನಿಂಗೆ ಅದು ಬೇಡ ಅಂತಲೇ ಮಾಡ್ಸಿದ್ದು. ಅವನು ಯಾಕೆ ಮಾಡ್ಸಿದ್ನೋ ಅದು ಅವನ ಪಾಪ. ಗಂಡಸ್ರು ಹಾಗೆಲ್ಲ ಆಡ್ತಾರೆ. ಹಲ್ಲು ಕಚ್ಕೊಂಡು ಇದ್ಬಿಡು."

ಹೇಳಿದವಳಿಗೂ ಹಲ್ಲಿರಲಿಲ್ಲ, ಕೇಳಿದವಳಿಗೂ ಇರಲಿಲ್ಲ. ಮಾರ್ತಾ ಕೆಟ್ಟವಳಲ್ಲ, ಮಗಳ ಮೇಲಿನ ಪ್ರೀತಿಯಿಂದಲೇ ಆಡಿದಳು. ನಮ್ಮ ಬೀದಿಗಳಲ್ಲಿ ಮಗಳ ಬಾಯಿ ಮುಚ್ಚಿಸಿದ್ದೆಲ್ಲ ಪ್ರೀತಿಯಿಂದಲೇ. ಆಲ್ಮಾ ಉಂಗುರ ತೆಗೆಯಲಿಲ್ಲ. ಆದರೆ ಒಂದು ನಿಶ್ಚಯ ಮಾಡಿಕೊಂಡಳು: ಹೊಸ ಹಲ್ಲು ಬಂದ ದಿನ, ಬಾಯಿ ಮತ್ತೆ ಬಾಯಾದ ದಿನ, ಅವನ ಕಣ್ಣೆದುರು ನಿಂತು ಈ ಮಾತನ್ನು ತುಟಿಯಲ್ಲೇ ಹೇಳಬೇಕು. ತಾನು ಓದಿದ್ದೇನೆ ಎಂದು ಅವನಿಗೆ ಗೊತ್ತಾಗಬೇಕು. ಅಷ್ಟು ಗೊತ್ತಾದರೆ ಸಾಕು, ಆಮೇಲೆ ಅವನ ಮನೆಯಲ್ಲಿ ಬಿದ್ದಿರಬಲ್ಲೆ ಎಂದುಕೊಂಡಳು.

ಜೂನಿನಲ್ಲಿ ಹೊಸ ಹಲ್ಲು ಬಂದವು. ರಬ್ಬರಿನ ಕೆಂಪು ಒಸಡು, ಚೀನಿಮಣ್ಣಿನ ಬಿಳುಪು. ಟ್ಯಾಟರ್ಸಾಲನ ಅಳತೆ ಎಲ್ಲಿ ತಪ್ಪಿತೋ, ಮೇಲಿನ ಸಾಲು ಒಂದು ಗಾತ್ರ ದೊಡ್ಡದಾಗಿತ್ತು. ತುಟಿ ಅವುಗಳ ಮೇಲೆ ಮುಚ್ಚುತ್ತಲೇ ಇರಲಿಲ್ಲ. ಅಳುತ್ತಿರಲಿ, ನಿದ್ದೆ ಬರುತ್ತಿರಲಿ, ಆಲ್ಮಾಳ ಮುಖ ಯಾವಾಗಲೂ ಹಲ್ಲು ಕಿರಿದುಕೊಂಡೇ ಇರುತ್ತಿತ್ತು. ಮಾತಾಡಲು ಬಾಯಿ ತೆರೆದರೆ ಸೆಟ್ಟು ಕಳಚಿ ಬೀಳುವುದು. ಬೀಳದಂತೆ ತುಟಿ ಬಿಗಿಹಿಡಿದರೆ ತುಟಿಮಾತು ಅಲ್ಲಾಡದು. ಡೋರಾ ಬಹಳ ದಿನ ಕಣ್ಣು ಕಿರಿದು ಮಾಡಿ ನೋಡಿದಳು, ಆಮೇಲೆ ಅವಳೂ ಬಿಟ್ಟಳು. ಶೆಡ್ಡಿನಲ್ಲಿ ಆಲ್ಮಾಳ ಕಡೆ ನೋಡುವುದನ್ನು ಎಲ್ಲರೂ ಮರೆತರು. ಸಿರಿಲ್ ಅಂದದ್ದು ಅಂದ ಹಾಗೇ ಆಯಿತು.

"ಸರಿಹೋಗಲ್ವಾ ಇದು?" ಎಂದು ಹ್ಯಾನಾಳನ್ನು ಕೇಳಿದಳು.

"ರೂಢಿಯಾಗುತ್ತೆ," ಎಂದಳು ಹ್ಯಾನಾ, ಬೀರುವಿನ ಮೇಲಿನ ತನ್ನ ಬಟ್ಟಲಿನ ಧೂಳು ಒರೆಸುತ್ತ. "ನಂಗಿನ್ನೂ ಆಗಿಲ್ಲ."

ಮದುವೆಯ ಫೋಟೊದಲ್ಲಿ ಅವಳಷ್ಟು ನಗುವವರು ಇನ್ನೊಬ್ಬರಿಲ್ಲ. ಬ್ಲ್ಯಾಕ್‌ಪೂಲಿನ ಸಮುದ್ರದ ದಂಡೆಯಲ್ಲಿ ತೆಗೆಸಿದ್ದರಲ್ಲೂ ಹಾಗೇ. ಹ್ಯಾನಾ ಕೊಟ್ಟ ಮಾತಿನಂತೆ ಸೊಸೆಯನ್ನು ಹೊಸ್ತಿಲು ದಾಟಿಸಿಕೊಂಡಳು, ಹನ್ನೊಂದು ವರ್ಷ ಒಂದೇ ಒಲೆಯ ಮುಂದೆ ಕೂರಿಸಿಕೊಂಡು ಕುಟುಕಿದಳು. ಹೆರಿಗೆಗಳಿಂದ ಹಲ್ಲು ಹಾಳಾಗದಿರಲಿ ಎಂದು ಮೊದಲೇ ಕೀಳಿಸಿದ್ದರಲ್ಲ, ಒಂದು ಮಗುವೂ ಆಗಲಿಲ್ಲ.

ಆ ಮಾತನ್ನು ಹೇಳಲು ಆಲ್ಮಾಳಿಗೆ ಸಮಯ ಸಿಗಲಿಲ್ಲವೆಂದಲ್ಲ. ದನಿಯಲ್ಲಿ ಹೇಳಬಹುದಿತ್ತು. ಅತ್ತೆ ಒಳಗಿದ್ದಾಳೆ, ಇವತ್ತು ಬೇಡ. ಅತ್ತೆ ಸತ್ತು ಇನ್ನೂ ವಾರವಾಗಿಲ್ಲ, ಈಗ ಬೇಡ. ಯುದ್ಧಕ್ಕೆ ಹೊರಟಿದ್ದಾನೆ, ಹೀಗೆ ಹೇಳಿ ಕಳಿಸುವುದೇ? ಯುದ್ಧದಿಂದ ಬಂದಿದ್ದಾನೆ, ಸುಧಾರಿಸಿಕೊಳ್ಳಲಿ. ಹೀಗೇ ವರ್ಷಗಳು ಹೋದವು. ಅವನು ಹೊಡೆಯುವವನಲ್ಲ, ಕುಡಿಯುವವನಲ್ಲ, ಸಂಬಳ ತಂದು ಕೈಗೆ ಹಾಕುತ್ತಿದ್ದ. ನಿನ್ನ ಪುಣ್ಯ ಕಣೇ ಎಂದು ಬೀದಿಯವರು ಅನ್ನುತ್ತಿದ್ದರು. ಸಹಿಸುವುದು ಒಂದು ಗುಣ ಎಂದು ನಮ್ಮವರು ಹೊಗಳುತ್ತಾರೆ. ಅದು ಗುಣವಲ್ಲ, ಬರಿಯ ಚಟ, ಅಂಟಿಕೊಂಡರೆ ಬಿಡುವುದಿಲ್ಲ. ಅವಳ ಮೇಲೆ ನಮಗೆ ಸಿಟ್ಟು ಬರುವುದು ಇಲ್ಲೇ.

ಗಿರಣಿ ಕಾಯಂ ಆಗಿ ಮುಚ್ಚುವ ಹೊತ್ತಿಗೆ ಅದರ ಗದ್ದಲ ಸಿರಿಲನ ಕಿವಿಯನ್ನು ಪೂರ್ತಿ ತಿಂದಿತ್ತು, ಅವಳದನ್ನು ಅರ್ಧ. ಇನ್ನು ಯಾರ ಮಾತೇ ಆದರೂ ಅವನು ತುಟಿಯಲ್ಲೇ ಓದಬೇಕು. ಅಂಗಡಿಯವನದು ಓದುತ್ತಿದ್ದ, ಡೋರಾಳದು ಓದುತ್ತಿದ್ದ, ಪಾದ್ರಿಯದು ಓದುತ್ತಿದ್ದ. ಹೆಂಡತಿಯದು ಮಾತ್ರ ಆಗುತ್ತಿರಲಿಲ್ಲ. ಅವನು ಆಡಿದ್ದೆಲ್ಲ ಅವಳಿಗೆ ತಿಳಿಯುವುದು, ಅವಳು ಆಡಿದ್ದು ಅವನಿಗೆ ಒಂದೂ ತಿಳಿಯದು. "ಸರಿಯಾಗಿ ಬಾಯಿ ಬಿಟ್ಟು ಮಾತಾಡೇ," ಎಂದು ರೇಗುವನು. ಅವಳು ಚಹಾದ ಕೆಟಲು ಎತ್ತಿ ತೋರಿಸುವಳು. ಮನೆಯಲ್ಲಿ ಉಳಿದ ಮಾತುಕತೆ ಅಷ್ಟೇ.

ಎಪ್ಪತ್ತು ಸಮೀಪಿಸುತ್ತಿದ್ದಾಗ ಹತ್ತಿಯ ಧೂಳು ತುಂಬಿದ ಎದೆ ಅವನನ್ನು ಮಲಗಿಸಿತು. ಡಾಕ್ಟರು ಬಂದು, ಇನ್ನು ಬಹಳ ದಿನವಿಲ್ಲ ಎಂದು ಕೆಳಗಿನ ಬಾಗಿಲಲ್ಲಿ ನಿಂತು ಆಲ್ಮಾಳಿಗೆ ಹೇಳಿ ಹೋದರು. ಡೋರಾ ಅಡಿಗೆಮನೆಯಲ್ಲಿ ಸಾರು ಬಿಸಿಮಾಡುತ್ತಿದ್ದಳು. ಆಲ್ಮಾ ಮೆಟ್ಟಿಲು ಹತ್ತಿ ಮೇಲೆ ಹೋದಳು. ಮಧ್ಯಾಹ್ನದ ಬಿಸಿಲು ಹಾಸಿಗೆಯ ಮೇಲೆ ಬಿದ್ದಿತ್ತು. ಸಿರಿಲ್ ಎಚ್ಚರವಾಗಿದ್ದ, ತಲೆ ಸ್ವಚ್ಛವಾಗಿತ್ತು, ಅವಳನ್ನು ನೋಡಿ ಕೈ ಚಾಚಿದ.

ಬರೆದು ತೋರಿಸಬಹುದಿತ್ತಲ್ಲ ಎಂದು ಕೇಳಬಹುದು. ಡೋರಾಳನ್ನು ಕರೆದು ಅವಳ ತುಟಿಯಿಂದ ಹೇಳಿಸಬಹುದಿತ್ತು. ಅದು ಆಲ್ಮಾಳಿಗೆ ಬೇಕಿರಲಿಲ್ಲ. ಅವನ ತುಟಿಯಿಂದ ತಾನು ಓದಿದ್ದನ್ನು ತನ್ನ ತುಟಿಯಿಂದ ಅವನು ಓದಬೇಕು, ಇದೊಂದೇ ಅವಳ ಹಟ. ಹಾಸಿಗೆಯ ಅಂಚಿನಲ್ಲಿ ಕೂತಳು. ಸೆಟ್ಟು ಅಡ್ಡ ಬರುತ್ತದೆ ಎಂದು ಬಾಯಿಗೆ ಕೈಹಾಕಿ ಎರಡೂ ಸಾಲು ತೆಗೆದು ಔಷಧಿ ಬಾಟಲಿಯ ಪಕ್ಕ ಇಟ್ಟಳು. ಇಷ್ಟು ವರ್ಷಗಳಲ್ಲಿ ಅವನೆದುರು ಹಾಗೆ ತೆಗೆದದ್ದು ಅದೇ ಮೊದಲು. ಅವನ ಮುಖವನ್ನು ಎರಡು ಕೈಯಲ್ಲಿ ತನ್ನ ಕಡೆ ತಿರುಗಿಸಿಕೊಂಡು, ಒಂದೊಂದೇ ಮಾತು ಬಿಡಿಸಿ ಹೇಳಿದಳು.

"ಅಮ್ಮನ ಕಿವಿಗೆ ಹಾಕಿದ್ದು ನೀನೇ. ಅವತ್ತೇ ಓದಿದ್ದೆ."

ಅವನು ಅವಳ ಬಾಯನ್ನೇ ನೋಡಿದ. ಹುಬ್ಬು ಗಂಟಿಕ್ಕಿತು. ಅವಳು ಮತ್ತೆ ಹೇಳಿದಳು, ಇನ್ನೂ ನಿಧಾನವಾಗಿ, ಮಡಚಿಕೊಳ್ಳುವ ತುಟಿಯನ್ನು ಬೆರಳಿನಿಂದ ಹೊರಕ್ಕೆಳೆದು ಹಿಡಿದು. ಅವಳ ಕಣ್ಣಿಂದ ನೀರು ಹರಿಯುತ್ತಿತ್ತು. ಅದನ್ನು ನೋಡಿ ಸಿರಿಲನ ಮುಖ ಸಡಿಲಾಯಿತು. ತನಗೆ ಅರ್ಥವಾಯಿತು ಎಂಬಂತೆ ತಲೆಯಾಡಿಸಿ, ಅವಳ ಕೆನ್ನೆ ತಟ್ಟಿದ.

"ನಂಗೂ ಅಷ್ಟೇ ಕಣೇ, ಆಲ್ಮಾ," ಎಂದ. "ಮೊದಲಿಂದಲೂ ಅಷ್ಟೇ."

ಆಮೇಲೆ ಕಣ್ಣು ಮುಚ್ಚಿದ, ತುಂಬ ನೆಮ್ಮದಿಯಲ್ಲಿ. ಅವಳು ಅವನ ಭುಜ ಹಿಡಿದು ಅಲುಗಾಡಿಸಿದಳು. ಅವನು ನಿದ್ದೆಯಲ್ಲೇ ಅವಳ ಕೈ ಸವರಿದ. ಮತ್ತೆ ಎಚ್ಚರವಾಗಲಿಲ್ಲ. ಉಸಿರು ಸಂಜೆಯವರೆಗೆ ಎಳೆಯಿತು, ನಿಂತಿತು.

ಡೋರಾ ಮತ್ತೆ ಬಿಸಿಮಾಡಿದ ಸಾರಿನ ಬಟ್ಟಲು ಹಿಡಿದು ಮೆಟ್ಟಿಲು ಹತ್ತುವ ಸದ್ದು ಅವಳ ಅರ್ಧ ಕಿವಿಗೂ ಬಿದ್ದಿತು. ಆಲ್ಮಾ ಔಷಧಿ ಬಾಟಲಿಯ ಪಕ್ಕದಿಂದ ಹಲ್ಲು ತೆಗೆದು ಬಾಯಿಗಿಟ್ಟುಕೊಂಡಳು. ಬಾಗಿಲಲ್ಲಿ ನಿಂತ ಡೋರಾ ಹಾಸಿಗೆಯ ಕಡೆ ನೋಡಿದಳು, ಆಮೇಲೆ ಆಲ್ಮಾಳ ಮುಖ ನೋಡಿದಳು.

"ಇಂಥ ಹೊತ್ತಲ್ಲೂ ನಗ್ತಾ ಇದ್ದೀಯಲ್ಲ," ಎಂದಳು ಡೋರಾ, ತುಟಿಯನ್ನು ದೊಡ್ಡದಾಗಿ ಆಡಿಸಿ. "ನೀನು ಗಟ್ಟಿ ಹೆಣ್ಣು ಕಣೇ."

ಆಲ್ಮಾ ಅದನ್ನು ಓದಿದಳು. ಬಟ್ಟಲು ಇಸಿದುಕೊಂಡು ಕಿಟಕಿಯ ಮೇಲಿಟ್ಟು ಪರದೆ ಎಳೆದಳು.